ಹನ್ನೊಂದು ಜನರಲ್ಲಿ ಒಬ್ಬನಿಗೇ ಬೇರೆ ಕೋಚ್ ಯಾಕೆ?

ಪ್ರಶ್ನೆ: ನನ್ನ ಮಗ ಅಮೆರಿಕದ ಕೊಲಂಬಸ್‌ನಲ್ಲಿ, ಓಹಾಯೋ ಸ್ಟೇಟ್ ಯೂನಿವರ್ಸಿಟಿಯಲ್ಲಿ ಓದುತ್ತಿದ್ದಾನೆ. ಫೋನ್ ಮಾಡಿದರೆ ಓದಿಗಿಂತ ಅಲ್ಲಿನ ಫುಟ್‌ಬಾಲ್ ಮಾತೇ ಜಾಸ್ತಿ. 2024ರ ಜನವರಿಯಿಂದ 2025ರ ಫೆಬ್ರವರಿವರೆಗೆ ‘ಕ್ವಾರ್ಟರ್‌ಬ್ಯಾಕ್ ಕೋಚ್’ ಎಂದು ಅವನ ಬಾಯಲ್ಲಿ ನಾಲ್ಕು ಹೆಸರು ಕೇಳಿದೆ. ಪ್ರತಿ ಸಲವೂ ಮನೆಯಲ್ಲೇ ಏನೋ ಆದ ಹಾಗೆ ಮಾತಾಡುತ್ತಾನೆ. ಹನ್ನೊಂದು ಜನ ಆಡುವ ಆಟದಲ್ಲಿ ಒಬ್ಬನಿಗೆ ಮಾತ್ರ ಬೇರೆ ಕೋಚ್ ಯಾಕೆ? ಮುಖ್ಯ ಕೋಚ್ ಸಾಲದಾ? ಹೊಸಬರು ಬಂದರೆ ನಿಜವಾಗಿ ಏನು ಬದಲಾಗುತ್ತದೆ?
(ಶಿವಮೊಗ್ಗದ ಓದುಗರೊಬ್ಬರು)

ಉತ್ತರ: ನಿಮ್ಮ ಲೆಕ್ಕ ಸರಿಯಾಗಿದೆ. ಕೋರಿ ಡೆನಿಸ್ ಹೋದರು. ಬಿಲ್ ಓಬ್ರಯನ್ ಬಂದರು, ಕೆಲವೇ ವಾರಗಳಲ್ಲಿ ಬಾಸ್ಟನ್ ಕಾಲೇಜಿನ ಮುಖ್ಯ ಕೋಚ್ ಆಗಿ ಹೊರಟರು. 2024ರ ಫೆಬ್ರವರಿಯಲ್ಲಿ ಆ ಜಾಗಕ್ಕೆ ಚಿಪ್ ಕೆಲ್ಲಿ ಬಂದರು. ಒಂದೇ ಸೀಸನ್ ಇದ್ದು ಅವರೂ ವೃತ್ತಿಪರ ಲೀಗಿನ ಲಾಸ್ ವೇಗಸ್ ರೇಡರ್ಸ್ ತಂಡಕ್ಕೆ ಹೋದರು. ಆಮೇಲೆ ಬಿಲ್ಲಿ ಫೆಸ್ಲರ್. ಇಷ್ಟು ಗಲಾಟೆಯ ನಡುವೆಯೇ ಆ ತಂಡ ದೇಶದ ಚಾಂಪಿಯನ್ ಕೂಡ ಆಯಿತು. ನಿಮ್ಮ ಮಗ ಮನೆ ಸುದ್ದಿಯ ಹಾಗೆ ಹೇಳುವುದರಲ್ಲಿ ತಪ್ಪೇನಿಲ್ಲ.

ಮೊದಲು ಒಂದು ವಿಷಯ. ಬೇರೆ ಕೋಚ್ ಇರುವುದು ಕ್ವಾರ್ಟರ್‌ಬ್ಯಾಕ್‌ಗೆ, ಅಂದರೆ ಚೆಂಡು ಎಸೆದು ಆಟ ನಡೆಸುವವನಿಗೆ, ಮಾತ್ರ ಅಲ್ಲ. ಚೆಂಡು ಹಿಡಿಯಲು ಓಡುವವರಿಗೆ ಒಬ್ಬರು, ಮುಂದೆ ಗೋಡೆಯ ಹಾಗೆ ನಿಲ್ಲುವ ದಪ್ಪ ಹುಡುಗರಿಗೆ ಒಬ್ಬರು, ಚೆಂಡು ಹಿಡಿದು ನುಗ್ಗುವವರಿಗೆ ಒಬ್ಬರು, ಹೀಗೆ ಪ್ರತಿ ಗುಂಪಿಗೂ ಒಬ್ಬೊಬ್ಬ ಕೋಚ್ ಇರುತ್ತಾರೆ. ಆದರೆ ಉಳಿದ ಎಷ್ಟೋ ಗುಂಪುಗಳಲ್ಲಿ ಒಂದೇ ಹೊತ್ತಿಗೆ ಎರಡು ಮೂರು ಜನ, ಗೋಡೆಯಲ್ಲಂತೂ ಐದು ಜನ ಮೈದಾನದಲ್ಲಿ ಇರುತ್ತಾರೆ. ಕ್ವಾರ್ಟರ್‌ಬ್ಯಾಕ್ ಕೋಣೆಯಲ್ಲಿ ನಾಲ್ಕೈದು ಹುಡುಗರು ಕೂತಿದ್ದರೂ ಆಡುವುದು ಒಬ್ಬ. ಉಳಿದವರು ಅವನಷ್ಟೇ ಓದಿ, ಅವನಷ್ಟೇ ಬೆವರು ಸುರಿಸಿ, ಶನಿವಾರ ಟೋಪಿ ಹಾಕಿಕೊಂಡು ಗೆರೆಯ ಆಚೆ ನಿಲ್ಲಬೇಕು. ಆ ಎಲ್ಲರನ್ನೂ ಒಂದೇ ಕೋಣೆಯಲ್ಲಿ ಇಟ್ಟುಕೊಂಡು ಕಲಿಸುವುದು ಈ ಕೋಚ್ ಕೆಲಸ.

ಇನ್ನು ಆಟದ ವಿಷಯ. ಇದು ನಾವು ಕಾಲಲ್ಲಿ ಒದೆಯುವ ಫುಟ್‌ಬಾಲ್ ಅಲ್ಲ ಅಂತ ನಿಮಗೆ ಗೊತ್ತಿದೆ. ಚೆಂಡು ಇರುವ ತಂಡಕ್ಕೆ ನಾಲ್ಕು ಅವಕಾಶ, ಅಷ್ಟರಲ್ಲಿ ಹತ್ತು ಗಜ ಮುಂದೆ ಹೋಗಬೇಕು. ಹೋದರೆ ಮತ್ತೆ ನಾಲ್ಕು. ಹೆಚ್ಚುಕಡಿಮೆ ಪ್ರತಿ ಅವಕಾಶದಲ್ಲೂ ಚೆಂಡು ಮೊದಲು ಬರುವುದು ಕ್ವಾರ್ಟರ್‌ಬ್ಯಾಕ್ ಕೈಗೆ. ಅವನು ಅದನ್ನು ಎಸೆಯಬಹುದು, ಪಕ್ಕದವನಿಗೆ ಕೊಡಬಹುದು, ತಾನೇ ಓಡಬಹುದು. ಎಸೆಯುವುದಾದರೆ ಸಿಗುವುದು ಎರಡೂವರೆ, ಮೂರು ಸೆಕೆಂಡ್. ಅಷ್ಟರೊಳಗೆ ನೂರಮೂವತ್ತು ಕಿಲೋ ತೂಗುವ ನಾಲ್ಕು ಜನ ಅವನನ್ನು ನೆಲಕ್ಕೆ ಕೆಡವಲು ಬರುತ್ತಿರುತ್ತಾರೆ.

ಬಹಳ ಜನ ಕ್ವಾರ್ಟರ್‌ಬ್ಯಾಕ್ ಕೋಚ್ ಎಂದರೆ ಎಸೆಯುವುದನ್ನು ಕಲಿಸುವವರು ಅಂದುಕೊಂಡಿದ್ದಾರೆ. ಅದು ಅವರ ಕೆಲಸದಲ್ಲಿ ಸಣ್ಣ ಪಾಲು. ಇಂಥ ದೊಡ್ಡ ಕಾಲೇಜಿಗೆ ಬರುವ ಹುಡುಗರಲ್ಲಿ ಎಷ್ಟೋ ಜನ ಹನ್ನೆರಡು ಹದಿಮೂರನೇ ವಯಸ್ಸಿನಿಂದಲೇ ಖಾಸಗಿ ಕೋಚ್ ಹತ್ತಿರ ಎಸೆತ ಕಲಿತಿರುತ್ತಾರೆ. ಕೈ ಪಳಗಿರುತ್ತದೆ. ಪಳಗದೆ ಇರುವುದು ಕಣ್ಣು.

ನಿಮ್ಮೂರಿನ ಗಾಂಧಿ ಬಜಾರಿನಲ್ಲಿ ಸಂಜೆ ಹೊತ್ತು ಸ್ಕೂಟರ್ ಓಡಿಸುವವರನ್ನು ನೆನಪಿಸಿಕೊಳ್ಳಿ. ಹೊಸದಾಗಿ ಕಲಿತವನು ತನ್ನ ಮುಂದಿನ ಚಕ್ರವನ್ನೇ ನೋಡುತ್ತಿರುತ್ತಾನೆ. ಆಟೋ ಅಡ್ಡ ಬಂದ ಮೇಲೆ ಬೆಚ್ಚಿಬಿದ್ದು ಬ್ರೇಕ್ ಹಿಡಿಯುತ್ತಾನೆ. ಹಳಬ ಚಕ್ರದ ಕಡೆ ನೋಡುವುದೇ ಇಲ್ಲ. ಮುಂದಿನ ಆಟೋದವನು ತಲೆ ಯಾವ ಕಡೆ ತಿರುಗಿಸಿದ, ಅಂಗಡಿ ಮುಂದೆ ನಿಂತ ಅಜ್ಜಿ ಹೆಜ್ಜೆ ಎತ್ತಿದರಾ ಅಂತ ನೋಡುತ್ತಾನೆ. ಆಟೋ ತಿರುಗುವ ಮೊದಲೇ ಅವನ ಕೈ ಬ್ರೇಕ್ ಮೇಲೆ ಇರುತ್ತದೆ. ಕ್ವಾರ್ಟರ್‌ಬ್ಯಾಕ್ ಕೋಚ್ ಕಲಿಸುವುದು ಇದನ್ನೇ.

ಹೇಗೆ ಅಂತ ಹತ್ತಿರದಿಂದ ತೋರಿಸುತ್ತೇನೆ. ಎದುರಾಳಿ ತಂಡದ ಎಲ್ಲರಿಗಿಂತ ಹಿಂದೆ ಸಾಮಾನ್ಯವಾಗಿ ಇಬ್ಬರು ಕಾವಲುಗಾರರು ನಿಂತಿರುತ್ತಾರೆ. ಸೇಫ್ಟಿ ಅಂತ ಹೆಸರು. ಚೆಂಡು ಕೈಗೆ ಬಂದ ಕ್ಷಣ ಅವರಲ್ಲಿ ಒಬ್ಬ ಮುಂದೆ ಓಡಿಬಂದು ಇನ್ನೊಬ್ಬ ನಡುವಿಗೆ ಸರಿದರೆ, ಮೈದಾನದ ಎರಡೂ ಅಂಚು ತೆರೆದುಕೊಂಡಿತು ಎಂದರ್ಥ. ಇಬ್ಬರೂ ಅಲ್ಲೇ ಉಳಿದರೆ ನಡುವಿನಲ್ಲಿ ಜಾಗ ಇದೆ. ಒಳ್ಳೆಯ ತಂಡಗಳು ಇದನ್ನು ಮುಚ್ಚಿಡುತ್ತವೆ. ಮೊದಲು ಒಂದು ರೀತಿ ನಿಂತು, ಚೆಂಡು ಕದಲಿದ ಮೇಲೆ ಇನ್ನೊಂದು ರೀತಿ ಸರಿಯುತ್ತವೆ. ಕ್ವಾರ್ಟರ್‌ಬ್ಯಾಕ್ ಹಿಂದೆ ಹೆಜ್ಜೆ ಇಡುತ್ತಲೇ ಇದನ್ನು ಓದಬೇಕು. ಮೊದಲು ಯಾರ ಕಡೆ ನೋಡಬೇಕು, ಅಲ್ಲಿ ಆಗದಿದ್ದರೆ ಎರಡನೆಯದು ಯಾರು, ಮೂರನೆಯದು ಯಾರು ಅನ್ನುವ ಸಾಲು ಮೊದಲೇ ಕಲಿತಿರುತ್ತಾನೆ. ಆ ಸಾಲನ್ನು ಕಾಲಿಗೆ ಕಟ್ಟಿರುತ್ತಾರೆ. ಹಿಂದಿನ ಹೆಜ್ಜೆ ಊರಿದಾಗ ಕಣ್ಣು ಮೊದಲನೆಯವನ ಮೇಲೆ. ಒಂದು ಸಣ್ಣ ಜಿಗಿತ, ಕಣ್ಣು ಎರಡನೆಯವನ ಮೇಲೆ. ಇನ್ನೊಂದು ಜಿಗಿತ, ಮೂರನೆಯವನ ಮೇಲೆ. ಗಡಿಯಾರ ಇರುವುದು ಕಾಲಲ್ಲಿ. ಕಾಲು ತಪ್ಪಿದರೆ ಕಣ್ಣು ತಡವಾಗುತ್ತದೆ, ಕಣ್ಣು ತಡವಾದರೆ ಚೆಂಡು ಎದುರಾಳಿ ಕೈಗೆ ಹೋಗುತ್ತದೆ.

ಅಮೆರಿಕದ ಒಂದು ಹೈಸ್ಕೂಲ್ ತಂಡದ ಜೊತೆ ನಾನು ಕೆಲವು ವರ್ಷ ಸಹಾಯಕನಾಗಿ ಇದ್ದೆ. ಆ ದಿನಗಳಲ್ಲಿ ನನ್ನ ಕೈಯಲ್ಲಿ ಜಾಸ್ತಿ ಇದ್ದ ಸಾಮಾನು ಪೊರಕೆ. ನಾನೂ ಇನ್ನಿಬ್ಬರೂ ಉದ್ದ ಕೋಲಿನ ಪೊರಕೆಗಳನ್ನು ತಲೆಯ ಮೇಲೆ ಎತ್ತಿ ಹಿಡಿದು ಹುಡುಗನ ಮುಂದೆ ಓಡಾಡುತ್ತಿದ್ದೆವು. ಎದುರಾಳಿಗಳ ಮೇಲೆತ್ತಿದ ಕೈಗಳಿಗೆ ಅದು ಲೆಕ್ಕ. ನೆಲದ ಮೇಲೆ ದಿಂಬಿನಂಥ ಚೀಲಗಳ ಸಾಲು. ಹುಡುಗ ಚೀಲಗಳನ್ನು ದಾಟುತ್ತ ಹೆಜ್ಜೆ ಇಡಬೇಕು, ಪೊರಕೆಗಳ ಸಂದಿಯಿಂದ ದೂರದವರನ್ನು ನೋಡಬೇಕು. ಕೋಚ್ ದೂರದಲ್ಲಿ ನಿಂತು ಹುಡುಗನ ಕಣ್ಣನ್ನೇ ನೋಡುತ್ತಿದ್ದರು. ಚೆಂಡು ಎಲ್ಲಿ ಬಿತ್ತು ಅಂತ ಅವರು ತಿರುಗಿಯೂ ನೋಡುತ್ತಿರಲಿಲ್ಲ. ಹುಡುಗ ಒಮ್ಮೆ ಪೊರಕೆಯ ಕಡೆ ಕಣ್ಣು ಇಳಿಸಿದರೆ ಸಾಕು, ಎಸೆತ ಎಷ್ಟೇ ಚೆನ್ನಾಗಿ ಹೋಗಿರಲಿ, ‘ಮತ್ತೆ’ ಅನ್ನುತ್ತಿದ್ದರು. ಒಂದು ಸಂಜೆ ಒಂದೇ ಹುಡುಗ ಹನ್ನೊಂದು ಸಲ ‘ಮತ್ತೆ’ ಕೇಳಿಸಿಕೊಂಡ. ನನ್ನ ಭುಜ ಬಿದ್ದುಹೋಗಿತ್ತು. ಹನ್ನೆರಡನೇ ಸಲ ಅವನ ಕಣ್ಣು ಕೆಳಗೆ ಇಳಿಯಲಿಲ್ಲ. ಕೋಚ್ ಏನೂ ಹೇಳಲಿಲ್ಲ, ನೀರು ಕುಡಿಯಲು ಕಳಿಸಿದರು ಅಷ್ಟೇ.

ಕಾಲೇಜು ಮಟ್ಟದಲ್ಲಿ ಇದೇ ಕೆಲಸ, ಆದರೆ ಸಮಯ ಕಡಿಮೆ. ಸೀಸನ್ ನಡೆಯುವಾಗ ಆಟಗಾರರನ್ನು ವಾರಕ್ಕೆ 20 ಗಂಟೆಗಿಂತ ಜಾಸ್ತಿ ಕಡ್ಡಾಯ ಅಭ್ಯಾಸದಲ್ಲಿ ಇರಿಸಿಕೊಳ್ಳುವ ಹಾಗಿಲ್ಲ. ಅವರು ವಿದ್ಯಾರ್ಥಿಗಳು, ಓದಲೇಬೇಕು. ವಸಂತದ ಶಿಬಿರದಲ್ಲಿ ಸಿಗುವುದು 15 ಅಭ್ಯಾಸ ಮಾತ್ರ. ಹಾಗಾಗಿ ಪ್ರತಿ ನಿಮಿಷವನ್ನೂ ಯಾವುದಕ್ಕೆ ಬಳಸಬೇಕು ಅನ್ನುವ ಆಯ್ಕೆಯೇ ಕೋಚ್‌ನ ಜಾಣತನ. ಮುಖ್ಯ ಕೋಚ್‌ಗೆ ಇದಕ್ಕೆ ಪುರುಸೊತ್ತು ಇರುವುದಿಲ್ಲ. ನೂರಕ್ಕೂ ಹೆಚ್ಚು ಆಟಗಾರರು, ಹೊಸಬರನ್ನು ಕರೆತರುವ ಓಡಾಟ, ದಾನಿಗಳು, ಪತ್ರಕರ್ತರು ಎಲ್ಲ ಅವರ ತಲೆಮೇಲೆ.

ಈಗ ಓಹಾಯೋ ಸ್ಟೇಟ್ ಕಥೆಗೆ ಬರೋಣ. ಹೊಸ ಕೋಚ್ ಏನು ಮಾಡಬಲ್ಲರು ಅನ್ನುವುದು ಅಲ್ಲಿ ಮೊದಲು ಕಂಡದ್ದು 2017ರಲ್ಲಿ. ಆ ವರ್ಷ ರಯಾನ್ ಡೇ ಅಲ್ಲಿಗೆ ಬಂದರು. ಆಗ ಮುಖ್ಯ ಕೋಚ್ ಅರ್ಬನ್ ಮೇಯರ್. ಡೇ ಕ್ವಾರ್ಟರ್‌ಬ್ಯಾಕ್‌ಗಳನ್ನು ನೋಡಿಕೊಂಡರು. ಅಲ್ಲಿಯವರೆಗೆ ಮೇಯರ್ ತಂಡದ ಕ್ವಾರ್ಟರ್‌ಬ್ಯಾಕ್ ಎಂದರೆ ಎಸೆಯುವಷ್ಟೇ ಓಡುವವನು ಕೂಡ. 2018ರಲ್ಲಿ ಡ್ವೇನ್ ಹ್ಯಾಸ್ಕಿನ್ಸ್ ಎಂಬ ಹುಡುಗ ನಿಂತಲ್ಲಿಂದಲೇ 4,831 ಗಜ ಎಸೆದು 50 ಟಚ್‌ಡೌನ್ (ಎದುರಾಳಿಯ ಕೊನೆಯ ಗೆರೆ ದಾಟಿ ಗಳಿಸುವ ಅಂಕ) ಕೊಡಿಸಿದ. ಓಹಾಯೋ ಸ್ಟೇಟ್ ಆಡುವ ಬಿಗ್ ಟೆನ್ ಲೀಗಿನಲ್ಲಿ ಅದಕ್ಕೆ ಮೊದಲು ಒಂದು ಸೀಸನ್ನಿನ ದಾಖಲೆ 39, ಡ್ರೂ ಬ್ರೀಸ್ ಹೆಸರಿನಲ್ಲಿ ಇಪ್ಪತ್ತು ವರ್ಷ ಇದ್ದದ್ದು. ಆ ಹ್ಯಾಸ್ಕಿನ್ಸ್ 2022ರ ಏಪ್ರಿಲ್‌ನಲ್ಲಿ, ಇನ್ನೂ 24ರ ಹರೆಯದಲ್ಲಿ, ರಸ್ತೆ ಅಪಘಾತದಲ್ಲಿ ತೀರಿಕೊಂಡ. ಅವನ ಹೆಸರು ಬಂದಾಗೆಲ್ಲ ನನಗೆ ಒಂದು ಕ್ಷಣ ನಿಲ್ಲಬೇಕು ಅನ್ನಿಸುತ್ತದೆ.

2019ರಲ್ಲಿ ಡೇ ಅವರೇ ಮುಖ್ಯ ಕೋಚ್ ಆದರು. ಈ ಹುದ್ದೆಗೆ ಅಷ್ಟು ಬೆಲೆ ಬರಲು ಇದೂ ಒಂದು ಕಾರಣ. ಈ ಕೋಣೆಯಿಂದ ಮುಖ್ಯ ಕೋಚ್ ಕುರ್ಚಿಗೆ ದಾರಿ ಹತ್ತಿರ.

ಹಾಗಂತ ಪ್ರತಿ ಅಂಕಿಯನ್ನೂ ಕೋಚ್ ಲೆಕ್ಕಕ್ಕೆ ಬರೆಯಬಾರದು. ಕೋರಿ ಡೆನಿಸ್ ಕಾಲದಲ್ಲಿ ಸಿ.ಜೆ. ಸ್ಟ್ರೌಡ್ 2021ರಲ್ಲಿ 44, 2022ರಲ್ಲಿ 41 ಟಚ್‌ಡೌನ್ ಎಸೆದ. 2023ರಲ್ಲಿ ವೃತ್ತಿಪರ ಲೀಗಿಗೆ ಆಯ್ಕೆ ನಡೆದಾಗ ಎರಡನೆಯವನಾಗಿ ಹೋದ. ಅದೇ ಕೋಚ್, ಅದೇ ಕೋಣೆ, 2023ರ ಸೀಸನ್‌ನಲ್ಲಿ ಕೈಲ್ ಮೆಕಾರ್ಡ್. ಮಿಷಿಗನ್ ವಿರುದ್ಧದ ಪಂದ್ಯದ ಕೊನೆಯಲ್ಲಿ ಅವನ ಎಸೆತ ಎದುರಾಳಿ ಕೈ ಸೇರಿತು, 30-24ರಿಂದ ಸೋತರು. ಊರೆಲ್ಲ ಬೈದಿತು. ಅವನು ಸಿರಕ್ಯೂಸ್‌ಗೆ ಹೋದ. 2024ರಲ್ಲಿ ಅಲ್ಲಿ 4,779 ಗಜ ಎಸೆದ, ಆ ವರ್ಷ ದೇಶದಲ್ಲೇ ಅತಿ ಹೆಚ್ಚು. ಹುಡುಗ ಕೆಟ್ಟವನಾಗಿರಲಿಲ್ಲ, ಅಲ್ವಾ? ಒಬ್ಬ ಹುಡುಗನಿಗೆ ಒಂದು ಕಡೆ ಕೂಡಿಬರದ್ದು ಇನ್ನೊಂದು ಕಡೆ ಕೂಡಿಬರುತ್ತದೆ. ಅದರಲ್ಲಿ ಕೋಚ್ ಪಾಲು ಎಷ್ಟು, ಜೊತೆ ಆಟಗಾರರ ಪಾಲು ಎಷ್ಟು ಅಂತ ತಕ್ಕಡಿಯಲ್ಲಿ ತೂಗಲು ಆಗುವುದಿಲ್ಲ.

ಹೊಸ ಕೋಚ್ ಬಂದಾಗ ನಾನು ಮೊದಲು ನೋಡುವುದು ಅವರ ಹೆಸರು ಎಷ್ಟು ದೊಡ್ಡದು ಅಂತ ಅಲ್ಲ. ಅವರ ಭಾಷೆ ಯಾವುದು ಅಂತ. ಪ್ರತಿ ತಂಡಕ್ಕೂ ತನ್ನದೇ ಗುಟ್ಟಿನ ಭಾಷೆ ಇರುತ್ತದೆ. ಒಂದೇ ಓಟದ ದಾರಿಗೆ ಒಂದು ಕಡೆ ಒಂದು ಹೆಸರು, ಇನ್ನೊಂದು ಕಡೆ ಇನ್ನೊಂದು. ಒಂದು ಆಟದ, ಅಂದರೆ ಒಂದು ಅವಕಾಶದಲ್ಲಿ ಆಡುವ ತಂತ್ರದ, ಹೆಸರಲ್ಲೇ ಯಾರು ಎಲ್ಲಿ ನಿಲ್ಲಬೇಕು, ಯಾರನ್ನು ತಡೆಯಬೇಕು, ಯಾರು ಎತ್ತ ಓಡಬೇಕು ಎಲ್ಲ ಅಡಗಿರುತ್ತದೆ. 2024ರಿಂದ ಕಾಲೇಜು ಆಟದ ಮೇಲಿನ ಹಂತದಲ್ಲೂ ಕೋಚ್ ಮಾತು ಆಟಗಾರನ ಹೆಲ್ಮೆಟ್ ಒಳಗಿನ ಸ್ಪೀಕರಿಗೆ ನೇರ ಬರುತ್ತದೆ. ಆ ಹೆಲ್ಮೆಟ್ ಹಿಂದೆ ಹಸಿರು ಚುಕ್ಕೆ ಇರುತ್ತದೆ, ನಿಮ್ಮ ಮಗನನ್ನು ಕೇಳಿ ನೋಡಿ. ಎರಡು ಆಟಗಳ ನಡುವೆ ಸಾಮಾನ್ಯವಾಗಿ 40 ಸೆಕೆಂಡ್. ಗಡಿಯಾರದಲ್ಲಿ 15 ಸೆಕೆಂಡ್ ಉಳಿದಾಗ ಸ್ಪೀಕರ್ ಬಂದ್. ಅಲ್ಲಿಂದ ಮುಂದೆ ಹುಡುಗ ಒಬ್ಬನೇ. ಅಷ್ಟರಲ್ಲಿ ಕೇಳಿದ್ದನ್ನು ಅರ್ಥ ಮಾಡಿಕೊಂಡು, ಹತ್ತು ಜನರಿಗೆ ಹೇಳಿ, ಎದುರಿನವರನ್ನು ಓದಿ, ಬೇಕಾದರೆ ಬದಲಾಯಿಸಬೇಕು. ಮನೆಮಾತಿನ ಹಾಗೆ ಕಿವಿಗೆ ಬಿದ್ದ ಕೂಡಲೇ ಅರ್ಥ ಆಗದಿದ್ದರೆ ಆಟ ಮುಗಿದ ಹಾಗೆಯೇ.

ಅದಕ್ಕೇ ಚಿಪ್ ಕೆಲ್ಲಿ ಬಂದಾಗ ನನಗೆ ಸಮಾಧಾನ ಆಗಿತ್ತು. ರಯಾನ್ ಡೇ ನ್ಯೂ ಹ್ಯಾಂಪ್‌ಶೈರ್ ಕಾಲೇಜಿನಲ್ಲಿ ಕ್ವಾರ್ಟರ್‌ಬ್ಯಾಕ್ ಆಗಿದ್ದಾಗ ಆಟ ಹೇಳಿಕೊಡುತ್ತಿದ್ದವರು ಇದೇ ಕೆಲ್ಲಿ. ಮುಂದೆ ವೃತ್ತಿಪರ ಲೀಗಿನಲ್ಲಿ ಕೆಲ್ಲಿ ಮುಖ್ಯ ಕೋಚ್ ಆಗಿದ್ದಾಗ, 2015ರಲ್ಲಿ ಫಿಲಡೆಲ್ಫಿಯಾದಲ್ಲಿ, 2016ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ, ಅವರ ಕ್ವಾರ್ಟರ್‌ಬ್ಯಾಕ್ ಕೋಚ್ ಆಗಿದ್ದವರು ಡೇ. ಇಪ್ಪತ್ತೈದು ವರ್ಷದ ಮಾತು ಇಬ್ಬರ ನಡುವೆ ಬೆಳೆದಿತ್ತು. ಕೆಲ್ಲಿ ಆಗ ಲಾಸ್ ಏಂಜಲೀಸ್‌ನ ಯು.ಸಿ.ಎಲ್.ಎ.ಯಲ್ಲಿ ಮುಖ್ಯ ಕೋಚ್. ಆ ಕುರ್ಚಿ ಬಿಟ್ಟು, ಕಡಿಮೆ ಸಂಬಳಕ್ಕೆ, ತನ್ನ ಶಿಷ್ಯನ ಕೈಕೆಳಗೆ ಕೆಲಸ ಮಾಡಲು ಬಂದರು. 2023ರ ಡಿಸೆಂಬರ್‌ನಲ್ಲಿ ಅಲ್ಲಿ ಕೊನೆಯ ಪಂದ್ಯಕ್ಕೆ ಕ್ವಾರ್ಟರ್‌ಬ್ಯಾಕ್‌ಗಳನ್ನು ಅವರೇ ತಯಾರು ಮಾಡಬೇಕಾಗಿ ಬಂದಿತ್ತು. ಹುಡುಗರ ಜೊತೆ ಕೂತು ಕಲಿಸುವ ಆ ಸುಖ ಮತ್ತೆ ಬೇಕು ಅನ್ನಿಸಿತು. ಇದಕ್ಕಿಂತ ಒಳ್ಳೆಯ ಕಾರಣ ಯಾವ ಕೋಚ್‌ಗೂ ಇರಲಾರದು ಅಂತ ನನ್ನ ಅಭಿಪ್ರಾಯ. ಡೇ ಕೂಡ ಆಟ ಹೇಳುವ, ಅಂದರೆ ಪ್ರತಿ ಅವಕಾಶದಲ್ಲೂ ಯಾವ ಆಟ ಆಡಬೇಕೆಂದು ಆರಿಸುವ, ಕೆಲಸವನ್ನೇ ಅವರ ಕೈಗೆ ಕೊಟ್ಟರು.

ಕೆಲ್ಲಿಗೆ ಸಿಕ್ಕಿದ ಹುಡುಗ ವಿಲ್ ಹೋವರ್ಡ್. ಕ್ಯಾನ್ಸಸ್ ಸ್ಟೇಟ್‌ನಲ್ಲಿ ನಾಲ್ಕು ವರ್ಷ ಆಡಿ, 2024ರ ಜನವರಿಯಲ್ಲಿ ಕೊನೆಯ ಒಂದು ವರ್ಷಕ್ಕೆ ಇಲ್ಲಿ ಬಂದವನು. ಅವನು ಬರಲು ಒಪ್ಪಿದಾಗ ಇದ್ದ ಕೋಚ್ ಬೇರೆ. ವಸಂತದ ಅಭ್ಯಾಸ ಶುರುವಾಗುವ ಮೊದಲೇ ಎರಡು ಸಲ ಬದಲಾಯಿತು. ಪಾಪ, ಹುಡುಗ ಮೂರನೆಯವರ ಕೈಲಿ ಅಕ್ಷರ ತಿದ್ದಲು ಕೂತ.

ಅಕ್ಟೋಬರ್ 12ರಂದು ಒರೆಗಾನ್ ವಿರುದ್ಧ ಅವರ ಊರಲ್ಲೇ ಪಂದ್ಯ. ಎದುರಾಳಿ 32, ಇವರು 31. ಇನ್ನು ಆರು ಸೆಕೆಂಡ್. ಒಂದು ಸಣ್ಣ ಎಸೆತ, ಆಮೇಲೆ ಚೆಂಡನ್ನು ಕಂಬಗಳ ನಡುವೆ ಒದ್ದರೆ ಗೆಲುವು. ಹೋವರ್ಡ್ ಚೆಂಡು ಹಿಡಿದು ನೋಡಿದ, ಎಸೆಯಲು ಯಾರೂ ಸಿಗಲಿಲ್ಲ, ತಾನೇ ಓಡಿದ. ಓಡಿ ಜಾರಿ ಕೂತ. ಎದ್ದು ನೋಡಿದರೆ ಗಡಿಯಾರದಲ್ಲಿ ಸೊನ್ನೆ. ಓಡಲು ಜಾಗ ಇತ್ತು, ಸಮಯ ಇರಲಿಲ್ಲ. ಅವನ ಕಣ್ಣು ಜಾಗವನ್ನು ನೋಡಿತು, ಗಡಿಯಾರವನ್ನು ಬಿಟ್ಟಿತು. ಸ್ಕೂಟರ್ ಕಲಿಯುವ ಹುಡುಗ ಚಕ್ರ ನೋಡಿದ ಹಾಗೆ. ನವೆಂಬರ್ 30ರಂದು ಇನ್ನೂ ಕೆಟ್ಟದಾಯಿತು. ಸ್ವಂತ ಊರಲ್ಲಿ, ಗೆದ್ದೇ ಗೆಲ್ಲುತ್ತೇವೆ ಅಂದುಕೊಂಡ ಪಂದ್ಯದಲ್ಲಿ, ಮಿಷಿಗನ್‌ಗೆ 13-10ರಿಂದ ಸೋತರು. ಹೋವರ್ಡ್ ಎಸೆದ ಎರಡು ಚೆಂಡು ಎದುರಾಳಿ ಪಾಲಾದವು.

ಕೆಲ್ಲಿ ಮತ್ತು ಡೇ ಅವರ ದೊಡ್ಡ ಕೆಲಸ ಆಮೇಲಿನ ಮೂರು ವಾರದಲ್ಲಿ ಆಯಿತು ಎಂದು ನಾನು ನಂಬುತ್ತೇನೆ. ಪೆಟ್ಟು ತಿಂದ ಹುಡುಗನಿಗೆ ಕಡಿಮೆ ಕೆಲಸ ಕೊಟ್ಟು ಕಾಪಾಡುವುದು ಸುಲಭದ ದಾರಿ. ಇವರು ಉಲ್ಟಾ ಮಾಡಿದರು. ಜಾಸ್ತಿ ಎಸೆಯಲು ಬಿಟ್ಟರು. ಡಿಸೆಂಬರ್ 21ರಂದು, ದೇಶದ ಚಾಂಪಿಯನ್ ಪಟ್ಟದ ಮೊದಲ ನಾಕೌಟ್ ಪಂದ್ಯದಲ್ಲಿ, ಟೆನಸಿ ವಿರುದ್ಧ 29 ಎಸೆತದಲ್ಲಿ 24 ಸರಿಯಾಗಿ ತಲುಪಿದವು, 42-17ರ ಗೆಲುವು. ರೋಸ್ ಬೌಲ್‌ನಲ್ಲಿ ಅದೇ ಒರೆಗಾನ್ ಮೇಲೆ 41-21. ಟೆಕ್ಸಸ್ ಮೇಲೆ 28-14. 2025ರ ಜನವರಿ 20, ಅಟ್ಲಾಂಟಾದಲ್ಲಿ ನೋಟರ್ ಡೇಮ್ ವಿರುದ್ಧ ಫೈನಲ್. ಹೋವರ್ಡ್‌ನ ಮೊದಲ 13 ಎಸೆತಗಳೂ ತಲುಪಿದವು. ದೊಡ್ಡ ಮುನ್ನಡೆ ಕರಗಿ 31-23ಕ್ಕೆ ಬಂದು ನಿಂತಿತ್ತು. ಮೂರನೇ ಅವಕಾಶ, ಇನ್ನೂ 11 ಗಜ ಬೇಕು. ಇಂಥ ಹೊತ್ತಲ್ಲಿ ಹೆಚ್ಚಿನವರು ಚೆಂಡು ಕೊಟ್ಟು ಓಡಿಸಿ ಗಡಿಯಾರ ಕರಗಿಸುತ್ತಾರೆ. ಕೆಲ್ಲಿ ಎಸೆಯಲು ಹೇಳಿದರು. ಬಲು ವೇಗದ ಜೆರೆಮಾಯ ಸ್ಮಿತ್‌ಗೆ ಒಬ್ಬನೇ ಕಾವಲು. ಹೋವರ್ಡ್ ಅದನ್ನು ನೋಡಿದ, ಕಾಯಲಿಲ್ಲ, ಎತ್ತರಕ್ಕೆ ಎಸೆದ. 56 ಗಜ. ಆಮೇಲೆ 34-23, ಪಂದ್ಯ ಮುಗಿಯಿತು. ಅಕ್ಟೋಬರ್‌ನಲ್ಲಿ ಗಡಿಯಾರ ಮರೆತ ಹುಡುಗನೇ ಇವನು. ಈ ಎರಡು ದಿನಗಳ ನಡುವೆ ಮೂರು ತಿಂಗಳ ಅಭ್ಯಾಸ ಇತ್ತು. ಕಿವಿಯಲ್ಲಿ ಕೇಳಿದ ಮಾತಿನ ಮೇಲೆ ನಂಬಿಕೆಯೂ ಇತ್ತು.

ಕೆಲ್ಲಿ ಹೋದ ಮೇಲೆ ದೊಡ್ಡ ಹೆಸರೇ ಬರುತ್ತದೆ ಅಂತ ಬಹಳ ಜನ ಕಾದರು. ಬಂದದ್ದು ಬಿಲ್ಲಿ ಫೆಸ್ಲರ್. ಬಂದದ್ದು ಅನ್ನುವುದೂ ತಪ್ಪು, ಅವರು ಮೊದಲೇ ಅಲ್ಲಿದ್ದರು. ತಾವೂ ಪೆನ್ ಸ್ಟೇಟ್‌ನಲ್ಲಿ ಕ್ವಾರ್ಟರ್‌ಬ್ಯಾಕ್ ಆಗಿದ್ದವರು. 2024ರಲ್ಲಿ ಓಹಾಯೋ ಸ್ಟೇಟ್‌ನಲ್ಲಿ ವಿಶ್ಲೇಷಕ. ಮೊದಲು ವಿಶ್ಲೇಷಕರು ಆಟಗಾರರಿಗೆ ನೇರವಾಗಿ ಕಲಿಸುವ ಹಾಗಿರಲಿಲ್ಲ, ಮುಖ್ಯ ಕೋಚ್ ಬಿಟ್ಟರೆ ಹತ್ತು ಜನಕ್ಕೆ ಮಾತ್ರ ಅವಕಾಶ. 2024ರ ಜೂನ್‌ನಲ್ಲಿ ಆ ಮಿತಿ ತೆಗೆದರು. ಫೆಸ್ಲರ್ ನೇಮಕದ ಲಾಭ ನನಗೆ ಕಂಡದ್ದು ಇದರಲ್ಲಿ: ಕೋಣೆಯ ಭಾಷೆ ಬದಲಾಗಲಿಲ್ಲ. ಆ ಕೋಣೆಯಲ್ಲಿ ಜೂಲಿಯನ್ ಸೇಯಿನ್ ಇದ್ದ. 2024ರ ಜನವರಿಯಲ್ಲಿ ಅಲಬಾಮಾ ಸೇರಿ, ಅಲ್ಲಿನ ಕೋಚ್ ನಿಕ್ ಸೇಬನ್ ಆ ತಿಂಗಳೇ ನಿವೃತ್ತಿ ಹೇಳಿದ್ದಕ್ಕೆ ಕೊಲಂಬಸ್‌ಗೆ ಬಂದವನು. ಒಂದು ವರ್ಷ ಹೋವರ್ಡ್ ಹಿಂದೆ ಕೂತು ಕೇಳಿಸಿಕೊಂಡ. 2025ರಲ್ಲಿ ಅವನ ಸರದಿ. ಮೊದಲ ಪಂದ್ಯದಲ್ಲೇ ಟೆಕ್ಸಸ್ ಮೇಲೆ 14-7, ನವೆಂಬರ್‌ನಲ್ಲಿ ಮಿಷಿಗನ್ ಮೇಲೆ ಅವರ ಊರಲ್ಲೇ 27-9. ವರ್ಷದ ಅತ್ಯುತ್ತಮ ಕಾಲೇಜು ಆಟಗಾರನಿಗೆ ಕೊಡುವ ಹೈಸ್‌ಮನ್ ಪ್ರಶಸ್ತಿಯ ಕೊನೆಯ ನಾಲ್ವರಲ್ಲಿ ಒಬ್ಬನಾದ. ದೊಡ್ಡ ಹೆಸರು ಬಾರದಿದ್ದರೂ ನಡೆಯಿತು.

ನನಗೆ ಬೇಸರ ತರುವ ಮಾತೂ ಒಂದಿದೆ, ಅದನ್ನು ಬಿಡಲಾರೆ. ಈ ಹುಡುಗರು 18, 19 ವರ್ಷದವರು. ಒಬ್ಬ ಕೋಚ್ ಮನೆಗೆ ಬಂದು, ಅಮ್ಮನ ಕೈ ಊಟ ಮಾಡಿ, ‘ನಿಮ್ಮ ಮಗನನ್ನು ನಾನು ನೋಡಿಕೊಳ್ಳುತ್ತೇನೆ’ ಅಂದು ಕರೆದುಕೊಂಡು ಹೋಗುತ್ತಾರೆ. ವರ್ಷ ತುಂಬುವ ಮೊದಲೇ ಅವರೇ ಇರುವುದಿಲ್ಲ. ಈಗ ಹುಡುಗರೂ ಕಾಲೇಜು ಬದಲಿಸುವುದು ಸುಲಭ ಆಗಿದೆ. 2021ರಿಂದ ತಮ್ಮ ಹೆಸರಿನ ಮೇಲೆ ಹಣವನ್ನೂ ಗಳಿಸಬಹುದು. ಅದು ನ್ಯಾಯವೇ. ಆದರೆ ಕಣ್ಣು ಪಳಗಲು ಒಂದೇ ದನಿಯನ್ನು ಎರಡು ವರ್ಷ ಕೇಳಬೇಕು. ಹಾಗಾಗಿ ಹೊಸ ಕೋಚ್ ಬಂದ ಮೊದಲ ಸೀಸನ್‌ನಲ್ಲೇ ತೀರ್ಪು ಕೊಡಬೇಡಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ಎರಡನೇ ವರ್ಷ, ಅದೂ ಆ ಕೋಣೆಯ ಎರಡನೇ ಹುಡುಗ, ಮೈದಾನಕ್ಕೆ ಬಂದಾಗ ನೋಡಿ. ಮೊದಲನೆಯವನು ಗಾಯಗೊಂಡು ಹೊರಬಂದಾಗ, ವರ್ಷವಿಡೀ ಟೋಪಿ ಹಾಕಿಕೊಂಡು ನಿಂತವನು ಹೋಗಿ ಅದೇ ಆಟವನ್ನು ಗಡಿಬಿಡಿ ಇಲ್ಲದೆ ಆಡಿದರೆ, ಆ ಕೋಚ್ ಕೆಲಸ ಮಾಡಿದ್ದಾರೆ.

ನೀವು ಕೊಲಂಬಸ್‌ಗೆ ಹೋದರೆ ಮಗನ ಜೊತೆ ಒಂದು ಪಂದ್ಯಕ್ಕೆ ಹೋಗಿ. ಲಕ್ಷಕ್ಕೂ ಮೀರಿ ಜನ ಸೇರುವ, ಕುದುರೆ ಲಾಳದ ಆಕಾರದ ಸ್ಟೇಡಿಯಂ ಅದು. ಒಂದು ಗಂಟೆ ಮೊದಲೇ ಒಳಗೆ ಕೂತುಕೊಳ್ಳಿ. ಆಗ ಕ್ವಾರ್ಟರ್‌ಬ್ಯಾಕ್‌ಗಳು ಮೈ ಬಿಸಿ ಮಾಡಿಕೊಳ್ಳುತ್ತಿರುತ್ತಾರೆ. ಚೆಂಡಿನ ಹಿಂದೆ ಕಣ್ಣು ಓಡಿಸದೆ ಹುಡುಗರ ಕಾಲು ನೋಡಿ. ಪಂದ್ಯ ಶುರುವಾದ ಮೇಲೆ, ಎಸೆದ ಚೆಂಡು ಎದುರಾಳಿ ಕೈ ಸೇರಿದಾಗ ಜನ ಕೂಗುತ್ತಿರಲಿ, ನೀವು ಗೆರೆಯ ಆಚೆ ನೋಡಿ. ಹುಡುಗ ತಲೆ ತಗ್ಗಿಸಿ ಬರುತ್ತಾನೆ. ಅವನ ಹತ್ತಿರ ಮೊದಲು ಯಾರು ಹೋಗುತ್ತಾರೆ, ಟ್ಯಾಬ್ಲೆಟ್ ತೆರೆದು ಏನನ್ನು ಬೆರಳಿಟ್ಟು ತೋರಿಸುತ್ತಾರೆ, ಕೇಳುತ್ತ ಕೇಳುತ್ತ ಹುಡುಗ ತಲೆ ಎತ್ತುತ್ತಾನಾ ಅಂತ ನೋಡಿ. ಹೊಸ ಹೆಸರು ಕಿವಿಗೆ ಬಿದ್ದಾಗ ಫೋನಿನಲ್ಲಿ ಮಗನನ್ನು ಇಷ್ಟೇ ಕೇಳಿ: ‘ಈ ಸಲ ಆಟ ಹೇಳುವವರು ಯಾರು? ಅವರೂ ಈ ಹೊಸ ಕೋಚೂ ಮೊದಲು ಒಟ್ಟಿಗೆ ಕೆಲಸ ಮಾಡಿದ್ದಾರಾ?’ ಅವನು ಒಂದು ಗಂಟೆ ಮಾತಾಡುತ್ತಾನೆ.